ಇಟ್ಟಿಗೆಯ ಬೆನ್ನಿಗಿರುವ ಓಕ್ ಮರ

ಇಂಗ್ಲೆಂಡಿನ ಯಾರ್ಕ್ ನಗರದ ಮರ್ಚೆಂಟ್ ಟೇಲರ್ಸ್ ಹಾಲ್, ಬೀದಿಯಿಂದ ನೋಡಿದರೆ, ಇಟ್ಟಿಗೆ ಕಟ್ಟಡ. ಒಳಗೆ ಹೋಗಿ ತಲೆಯೆತ್ತಿದರೆ ಓಕ್ ತೊಲೆಗಳು. ದರ್ಜಿಗಳ ಈ ಸಭಾಂಗಣದ ಹೆಸರು 1415ರ ಹೊತ್ತಿಗೇ ದಾಖಲೆಯಲ್ಲಿದೆ. ಮರದ ಚೌಕಟ್ಟಿಗೆ ಇಟ್ಟಿಗೆ ಹೊದಿಸಿದ್ದು ಆಮೇಲೆ. 1662ರಲ್ಲಿ ರಾಜಸನ್ನದು ಪಡೆದ ದರ್ಜಿಗಳ ಸಂಘವೇ ಇಂದಿಗೂ ಇದರ ಒಡೆಯ. ಮದುವೆ, ಔತಣಗಳಿಗೆ ಬಾಡಿಗೆಗೂ ಕೊಡುತ್ತದೆ.

ಇಂಥ ಕಟ್ಟಡಗಳಿಗೆ ದೊಡ್ಡ ಕಂಟಕ, ಒಳಗೇ ಸಿಕ್ಕಿಬಿದ್ದ ತೇವ. ಹಳೆಯ ಮೆತುವಾದ ಇಟ್ಟಿಗೆ ಮಳೆಯನ್ನು ಹೀರಿ, ಸಂದಿನ ಸುಣ್ಣದ ಗಾರೆಯ ಮೂಲಕ ಬಿಟ್ಟುಕೊಡುತ್ತದೆ. ಆ ಸಂದಿಗೆ ಸಿಮೆಂಟ್ ತುಂಬಿದರೆ ನೀರು ಇಟ್ಟಿಗೆಯಿಂದಲೇ ಹೊರಬೀಳಬೇಕು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಇಟ್ಟಿಗೆಯ ಮುಖ ಉದುರುತ್ತದೆ, ಹಿಂದಿನ ಓಕ್ ಒದ್ದೆಯಾಗಿಯೇ ಉಳಿಯುತ್ತದೆ. ಮರದ ತೇವಾಂಶ ಶೇ. 20 ದಾಟಿ ನಿಂತರೆ ಶಿಲೀಂಧ್ರ ಹಿಡಿಯುತ್ತದೆ. ಅದು ಮೆತ್ತಗಾಗಿಸಿದ ಮರಕ್ಕೆ ಡೆತ್‌ವಾಚ್ ಬೀಟಲ್ ಎಂಬ ಮರ ಕೊರೆಯುವ ಹುಳು ಬೀಳುತ್ತದೆ. ಸುಮಾರು 3 ಮಿ.ಮೀ. ಅಗಲದ ತೂತು ಕಂಡರೆ ಔಷಧಿ ಸಿಂಪಡಿಸುವುದಕ್ಕಿಂತ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಬಹಳ ಸಲ ಎಲೆ ಕಟ್ಟಿಕೊಂಡ ಮಳೆನೀರಿನ ದಂಬೆಯೇ ಕಳ್ಳ.

ಸಂದು ಮತ್ತೆ ತುಂಬುವಾಗ ಮೊದಲು ಅಲ್ಲಿರುವ ಸಿಮೆಂಟನ್ನು ಯಂತ್ರದಿಂದಲ್ಲ, ಸಣ್ಣ ಉಳಿಯಿಂದ, ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆದು ತೆಗೆಯಬೇಕು. ಯಂತ್ರ ಇಟ್ಟಿಗೆಯ ಅಂಚನ್ನು ತಿಂದುಬಿಡುತ್ತದೆ. ಧೂಳು ತೆಗೆದು, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಒರಟು ಮರಳಿನ ಗಾರೆ ಒತ್ತುತ್ತಾರೆ. ಗಾಳಿ ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ, ಆದ್ದರಿಂದ ಒದ್ದೆ ಗೋಣಿತಾಟು ಹೊದಿಸಬೇಕು. 5 ಡಿಗ್ರಿಗಿಂತ ತಣ್ಣಗಿದ್ದರೆ ಕೆಲಸ ಮುಂದೂಡುವುದೇ ಜಾಣತನ. ಗಾರೆ ಇಟ್ಟಿಗೆಗಿಂತ ಮೆದುವಾಗಿರಬೇಕು. ಸವೆಯುವುದಾದರೆ ಗಾರೆಯೇ ಸವೆಯಲಿ. ನಮ್ಮ ಹಳೆಯ ತೊಟ್ಟಿಮನೆಗಳ ಗೋಡೆಗೆ ಸಿಮೆಂಟ್ ಬಳಿಸುವವರಿಗೂ ಇದೇ ಮಾತು.

ಕೊಳೆತ ಕಂಬದ ಬುಡವನ್ನಷ್ಟೇ ಕತ್ತರಿಸಿ ಓಕ್ ತುಂಡನ್ನೇ ಓರೆ ಸಂದಿನಲ್ಲಿ ಕೂಡಿಸಿ, ಓಕ್ ಮೊಳೆ ಹೊಡೆಯುತ್ತಾರೆ. ಸಾದಾ ಕಬ್ಬಿಣದ ಬೋಲ್ಟ್ ಬೇಡ: ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಅದನ್ನು ತುಕ್ಕು ಹಿಡಿಸಿ ಮರಕ್ಕೆ ನೀಲಿಗಪ್ಪು ಕಲೆ ಬಿಡುತ್ತದೆ. ಬೇಕೇ ಬೇಕೆಂದರೆ ಸ್ಟೇನ್‌ಲೆಸ್ ಸ್ಟೀಲ್.

ಬಾಡಿಗೆಯ ಹಣವೇ ದುರಸ್ತಿಗೆ ಆಧಾರವಾದ ಕಡೆ ಇನ್ನೊಂದು ತೊಡಕಿದೆ. ತಣ್ಣಗಿದ್ದ ಸಭಾಂಗಣವನ್ನು ಔತಣದ ದಿನ ದಿಢೀರನೆ ಕಾಯಿಸಿದರೆ, ಜನರ ಉಸಿರಿನ ಹಬೆ ತಣ್ಣನೆಯ ತೊಲೆ, ಗಾಜಿನ ಮೇಲೆ ಹನಿಗಟ್ಟುತ್ತದೆ. ಚಳಿಗಾಲವಿಡೀ ಹದವಾದ ಸಣ್ಣ ಶಾಖ ಇಡುವುದು ದುಬಾರಿ, ಆದರೂ ಅದೇ ವಾಸಿ.