ರಕ್ತಪಿಶಾಚಿಗಳ ಊರಲ್ಲಿ ಒಂದು ಶನಿವಾರ

'ದಿ ವ್ಯಾಂಪೈರ್ ಡೈರೀಸ್' ಅನ್ನೋ ಅಮೆರಿಕದ ಟಿವಿ ಸೀರಿಯಲ್ ಶೂಟಿಂಗ್ ಆದ ಜಾಗಗಳನ್ನು ತೋರಿಸುವ ಟೂರ್ ಬುಕ್ ಮಾಡಿದ್ದು ನಾನೇ. ತಪ್ಪು ಶನಿವಾರಕ್ಕೆ ಬುಕ್ ಮಾಡಿದ್ದೂ ನಾನೇ. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಿಂದ ಪೂರ್ವಕ್ಕೆ ಸುಮಾರು 55 ಕಿಲೋಮೀಟರ್ ಬಂದು, ಕೋವಿಂಗ್ಟನ್ ಅನ್ನೋ ಪುಟ್ಟ ಊರಿನ ಚೌಕದಲ್ಲಿ ಕಾರು ನಿಲ್ಲಿಸಿ, ಫೋನ್ ತೆಗೆದು ನೋಡಿದಾಗಲೇ ಗೊತ್ತಾಗಿದ್ದು ನಮ್ಮ ಟಿಕೆಟ್ ಮುಂದಿನ ವಾರದ್ದು ಅಂತ. ಮುಂದಿನ ವಾರ ನಾನು ಬೆಂಗಳೂರಲ್ಲಿರುತ್ತೇನೆ. ಪಕ್ಕದಲ್ಲಿದ್ದ ಅಕ್ಕನ ಮಗಳು, 14 ವರ್ಷದವಳು, ನನ್ನ ಮುಖ ನೋಡಿ "ಬಿಡಿ ಚಿಕ್ಕಮ್ಮ, ನನಗೆ ಎಲ್ಲಾ ಗೊತ್ತು, ನಾನೇ ಗೈಡ್" ಅಂದಳು. ನಿಜಕ್ಕೂ ಎಲ್ಲಾ ಗೊತ್ತಿತ್ತು. ಅದೇ ನನಗೆ ಆಶ್ಚರ್ಯ.

ಯಾಕೆಂದರೆ 'ದಿ ವ್ಯಾಂಪೈರ್ ಡೈರೀಸ್' ಸೀರಿಯಲ್ ಶುರುವಾಗಿದ್ದು 2009ರ ಸೆಪ್ಟೆಂಬರ್‌ನಲ್ಲಿ. ಆಗ ಇವಳು ಹುಟ್ಟಿರಲಿಲ್ಲ. 2017ರ ಮಾರ್ಚ್‌ನಲ್ಲಿ ಮುಗಿದಾಗ ಇವಳಿಗೆ ಸ್ವಂತವಾಗಿ ಶೂ ಲೇಸ್ ಕಟ್ಟಲೂ ಬರುತ್ತಿರಲಿಲ್ಲ. 8 ಸೀಸನ್, 171 ಎಪಿಸೋಡ್. ಅಷ್ಟನ್ನೂ ಎರಡು ಸಲ ನೋಡಿದ್ದಾಳಂತೆ. ಅಕ್ಕನಿಗೆ ಇದು ಒಂದು ಸಲ ಅಂತ ಮಾತ್ರ ಗೊತ್ತು.

ನಾನು ನೋಡಿದ್ದು 2011ರಲ್ಲಿ, ದಾವಣಗೆರೆಯ ಹಾಸ್ಟೆಲಿನಲ್ಲಿ, ಸೀನಿಯರ್ ಒಬ್ಬಳ ಪೆನ್‌ಡ್ರೈವ್‌ನಿಂದ. ಒಂದು ಲ್ಯಾಪ್‌ಟಾಪ್, ಮಂಚದ ಮೇಲೆ ಆರು ಜನ. ಸಬ್‌ಟೈಟಲ್ ಯಾವಾಗಲೂ ಎರಡು ಸೆಕೆಂಡ್ ಹಿಂದೆ. ಹೀರೋ ಕತ್ತು ಕಚ್ಚಿ ಆದ ಮೇಲೆ "ಹತ್ತಿರ ಬರಬೇಡ" ಅಂತ ಓದುತ್ತಿದ್ದೆವು. ಕರೆಂಟ್ ಹೋದರೆ ಬ್ಯಾಟರಿ ಮುಗಿಯುವ ಮೊದಲು ಎಪಿಸೋಡ್ ಮುಗಿಸಬೇಕು ಅನ್ನೋ ಆತಂಕ, ಕಥೆಯ ಆತಂಕಕ್ಕಿಂತ ದೊಡ್ಡದು. ಕಥೆ ಇಷ್ಟೇ: ಎಲೆನಾ ಅನ್ನೋ ಹುಡುಗಿ, ಅವಳನ್ನು ಪ್ರೀತಿಸುವ ಇಬ್ಬರು ರಕ್ತಪಿಶಾಚಿ ಅಣ್ಣತಮ್ಮ. ಇಡೀ ಹಾಸ್ಟೆಲ್ ಎರಡು ಪಕ್ಷ: ಒಳ್ಳೆಯ ತಮ್ಮ ಸ್ಟೆಫಾನ್‌ದು ಒಂದು, ಕೆಟ್ಟ ಅಣ್ಣ ಡೇಮನ್‌ದು ಇನ್ನೊಂದು. ನಾನು ಯಾವ ಪಕ್ಷ ಅಂತ ಇಲ್ಲಿ ಹೇಳಲ್ಲ, ಮನೆಯವರು ಓದುತ್ತಾರೆ.

ಕಾರಿನಿಂದ ಇಳಿದ ಕೂಡಲೇ ಎದುರಿಗೆ ಗಡಿಯಾರದ ಗೋಪುರ. ನ್ಯೂಟನ್ ಕೌಂಟಿಯ ಹಳೆಯ ಕೋರ್ಟ್ ಕಟ್ಟಡ ಅದು, 1884ರದ್ದು. ಕಥೆಯಲ್ಲಿ ಮಾತ್ರ ವರ್ಜೀನಿಯಾ ರಾಜ್ಯದ ಮಿಸ್ಟಿಕ್ ಫಾಲ್ಸ್ ಅನ್ನೋ ಊರಿನ ಗೋಪುರ. ಮೊದಲ ಎಪಿಸೋಡ್ ತೆಗೆದಿದ್ದು ವರ್ಜೀನಿಯಾದಲ್ಲೂ ಅಲ್ಲ, ಇಲ್ಲೂ ಅಲ್ಲ, ಕೆನಡಾದ ವ್ಯಾಂಕೂವರ್‌ನಲ್ಲಿ. ಆಮೇಲೆ ಜಾರ್ಜಿಯಾಕ್ಕೆ ಬಂದರು. ಬರಲು ಕಾರಣ ಭೂತವೂ ಅಲ್ಲ, ಪ್ರೇತವೂ ಅಲ್ಲ, ತೆರಿಗೆ. 2008ರಲ್ಲಿ ಜಾರ್ಜಿಯಾ ಸರ್ಕಾರ ಒಂದು ಕಾನೂನು ತಂದಿತು. ಇಲ್ಲಿ ಶೂಟಿಂಗ್ ಮಾಡಿದರೆ ಖರ್ಚಿನ 20 ಶೇಕಡಾ ತೆರಿಗೆಯಲ್ಲಿ ಬಿಟ್ಟುಕೊಡುತ್ತೇವೆ, ಕೊನೆಗೆ ನಮ್ಮ ರಾಜ್ಯದ ಪೀಚ್ ಹಣ್ಣಿನ ಚಿಹ್ನೆ ತೋರಿಸಿದರೆ ಇನ್ನೂ 10 ಶೇಕಡಾ. ಹಾಸ್ಟೆಲಿನಲ್ಲಿ ಪ್ರತಿ ಎಪಿಸೋಡ್ ಕೊನೆಗೆ ಬರುತ್ತಿದ್ದ ಆ ಪೀಚ್ ಹಣ್ಣನ್ನು ನಾವು ಯಾವುದೋ ಜ್ಯೂಸ್ ಕಂಪನಿ ಸ್ಪಾನ್ಸರ್ ಅಂದುಕೊಂಡಿದ್ದೆವು.

ಇದನ್ನು ಮಾಡಿದವರು ಕೆವಿನ್ ವಿಲಿಯಮ್ಸನ್ ಮತ್ತು ಜೂಲಿ ಪ್ಲೆಕ್. ವಿಲಿಯಮ್ಸನ್‌ಗೆ ಮೊದಲು ಇಷ್ಟವೇ ಇರಲಿಲ್ಲವಂತೆ. ಆಗ ಎಲ್ಲಿ ನೋಡಿದರೂ ರಕ್ತ ಹೀರುವ ಸುಂದರ ಹುಡುಗರೇ, ಇನ್ನೊಂದು ಯಾಕೆ ಅಂತ. ಒಪ್ಪಿಸಿದ್ದು ಪ್ಲೆಕ್. ಮೊದಲ ಎಪಿಸೋಡುಗಳಲ್ಲಿ ಡೇಮನ್ ಬರುವಾಗೆಲ್ಲ ಮಂಜು ಕವಿಯುತ್ತದೆ, ಒಂದು ಕಾಗೆ ಬಂದು ಕೂರುತ್ತದೆ. ಆಮೇಲೆ ಮಂಜೂ ಇಲ್ಲ, ಕಾಗೆಯೂ ಇಲ್ಲ. ಒಳ್ಳೆಯದೇ ಆಯಿತು. ಕಾಗೆ ಬಂದು ಕೂತಾಗ ನಮ್ಮ ಹಾಸ್ಟೆಲಿನಲ್ಲಿ ಒಬ್ಬಳು "ಅಯ್ಯೋ, ಪಿಂಡ ಇಟ್ಟಿಲ್ಲ ಪಾಪ" ಅಂದಿದ್ದಳು, ಅಲ್ಲಿಗೆ ಹೆದರಿಕೆ ಮುಗಿಯಿತು. ಎರಡು ಪಾತ್ರದಲ್ಲಿ ನೀನಾ ಡೊಬ್ರೆವ್. ಎಲೆನಾ ಆದರೆ ನೇರ ಕೂದಲು, ಅವಳ ಹಾಗೇ ಕಾಣುವ ಹಳೇ ಕಾಲದ ಪಿಶಾಚಿ ಕ್ಯಾಥರೀನ್ ಆದರೆ ಗುಂಗುರು ಕೂದಲು. ಡಬಲ್ ಆ್ಯಕ್ಟಿಂಗ್ ನೋಡಿ ಬೆಳೆದವರು ನಾವು, ಆದರೂ ಕೂದಲು ನೋಡದೆ ಬರೀ ಕಣ್ಣು ನೋಡಿಯೇ ಇವಳು ಯಾರು ಅಂತ ಹೇಳಬಹುದಿತ್ತು. ಅಷ್ಟು ಚೆನ್ನಾಗಿ ಮಾಡಿದ್ದಾಳೆ.

ಮಧ್ಯಾಹ್ನ ಊಟಕ್ಕೆ ಮಿಸ್ಟಿಕ್ ಗ್ರಿಲ್. ಈ ಹೋಟೆಲ್ ಕಥೆ ನನಗೆ ತುಂಬಾ ಇಷ್ಟ. ಸೀರಿಯಲ್‌ನಲ್ಲಿ ಎಲ್ಲರೂ ಸೇರುವ ಹೋಟೆಲ್ ಅದು. ಆದರೆ ಅಂಥದ್ದೊಂದು ಹೋಟೆಲ್ ಈ ಊರಲ್ಲಿ ಇರಲೇ ಇಲ್ಲ. ಜನ ಬಂದು ಬಂದು "ಗ್ರಿಲ್ ಎಲ್ಲಿ, ಗ್ರಿಲ್ ಎಲ್ಲಿ" ಅಂತ ಕೇಳಿದರೆ ಏನು ಮಾಡುತ್ತಾರೆ? ಅದೇ ಹೆಸರಲ್ಲಿ ಒಂದು ನಿಜವಾದ ಹೋಟೆಲ್ ತೆರೆದರು. ಸುಳ್ಳು ಮೊದಲು ಬಂತು, ಅನ್ನ ಆಮೇಲೆ ಬೆಂದಿತು. ರಕ್ತಪಿಶಾಚಿಗಳ ಹೋಟೆಲಿನಲ್ಲಿ ಕೂತು ಈರುಳ್ಳಿ ಬೇಡ, ಬೇಕನ್ ಬೇಡ, ಮೊಟ್ಟೆ ಬೇಡ ಅಂತ ಸಲಾಡ್ ಆರ್ಡರ್ ಮಾಡಿದ ಮೊದಲ ಲಿಂಗಾಯತ ಹೆಂಗಸು ನಾನಲ್ಲದೇ ಇರಬಹುದು, ಆದರೆ ಬಡಿಸಿದ ಹುಡುಗ ನನ್ನನ್ನು ನೋಡಿದ ರೀತಿ ಹಾಗೇ ಇತ್ತು.

ಅಲ್ಲಿ ಕೂತಾಗ ಹುಡುಗಿ ಒಂದು ಮಾತು ಹೇಳಿದಳು. "ಬಾನಿಗೆ ಮೋಸ ಆಯಿತು." ಬಾನಿ ಅಂದರೆ ಎಲೆನಾಳ ಗೆಳತಿ, ಮಾಟಗಾತಿ. ಕ್ಯಾಟ್ ಗ್ರಹಾಂ ಮಾಡಿದ ಪಾತ್ರ. ಮುಖ್ಯ ಪಾತ್ರಗಳಲ್ಲಿ ಕಪ್ಪು ಹುಡುಗಿ ಅಂದರೆ ಅವಳೊಬ್ಬಳೇ. ಯಾರಿಗೆ ಕಷ್ಟ ಬಂದರೂ ಬಾನಿ ಮಂತ್ರ ಹೇಳಬೇಕು, ಮೂಗಿನಿಂದ ರಕ್ತ ಸುರಿಸಬೇಕು, ಬೇಕಾದರೆ ಸಾಯಬೇಕು. ಅವಳ ಅಜ್ಜಿ ಸಾಯುತ್ತಾಳೆ, ಅಮ್ಮನನ್ನು ಪಿಶಾಚಿ ಮಾಡುತ್ತಾರೆ. ಮತ್ತೆ ಎಲೆನಾಗೆ ಯಾರು ಗಂಡ ಅನ್ನೋ ಚರ್ಚೆ. ಇನ್ನೂ ಒಂದಿದೆ. 1864ರ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಬಾನಿಯ ಪೂರ್ವಜೆ ಎಮಿಲಿ, ಕ್ಯಾಥರೀನ್‌ಳ ಸೇವಕಿ. ಅಮೆರಿಕದ ದಕ್ಷಿಣದಲ್ಲಿ, 1864ರಲ್ಲಿ, ಬಿಳಿ ಹೆಂಗಸಿನ ಮನೆಯಲ್ಲಿ ಕಪ್ಪು ಸೇವಕಿ! ಗುಲಾಮಗಿರಿ ಅನ್ನೋದನ್ನು ಸೀರಿಯಲ್ ಅತ್ತರ್ ಹಚ್ಚಿ ದಾಟಿಸಿಬಿಟ್ಟಿದೆ. ಚೆಂದದ ಗೌನು, ಕುದುರೆ ಗಾಡಿ, ನಾಚಿಕೊಳ್ಳುವ ಅಣ್ಣತಮ್ಮ. ನಾವು ಆರು ಜನ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡಿದೆವು, ಒಬ್ಬಳಿಗೂ ಹೊಳೆಯಲಿಲ್ಲ. ಈ ಹುಡುಗಿಗೆ ಹೊಳೆದಿದೆ. ಅವಳ ಕ್ಲಾಸಿನಲ್ಲಿ ಇದರ ಬಗ್ಗೆ ಜಗಳವೇ ಆಗುತ್ತದಂತೆ. ನಮಗೆ ಜಗಳ ಬರೀ ಹುಡುಗರ ಬಗ್ಗೆ ಇತ್ತು.

ಊಟ ಆದ ಮೇಲೆ ಎಲೆನಾಳ ಮನೆ ನೋಡಲು ನಡೆದೆವು. ಫ್ಲಾಯ್ಡ್ ಸ್ಟ್ರೀಟ್‌ನಲ್ಲಿದೆ, ಬಿಳಿ ಮನೆ, ಮುಂದೆ ಜಗಲಿ. ಜನ ವಾಸ ಇರುವ ಮನೆ. ಹಾಗಾಗಿ ಫುಟ್‌ಪಾತ್‌ನಲ್ಲೇ ನಿಂತು ನೋಡಬೇಕು. ಕಥೆಯಲ್ಲಿ ಎಲೆನಾ ತನ್ನ ತಮ್ಮ ಸತ್ತ ದುಃಖದಲ್ಲಿ ಈ ಮನೆಗೆ ತಾನೇ ಬೆಂಕಿ ಇಡುತ್ತಾಳೆ. ಅದು ಇಲ್ಲಿ ಗಟ್ಟಿಯಾಗಿ ನಿಂತಿದೆ, ಜಗಲಿ ಮೇಲೆ ಕುಂಬಳಕಾಯಿ ಇಟ್ಟಿದ್ದಾರೆ. ಅಣ್ಣತಮ್ಮಂದಿರ ದೊಡ್ಡ ಬಂಗಲೆ ಕಥೆಯಲ್ಲಿ ಕೊನೆವರೆಗೂ ಉಳಿದು ಶಾಲೆಯಾಗುತ್ತದೆ. ಆ ನಿಜವಾದ ಬಂಗಲೆ ಗ್ಲೆನ್‌ರಿಡ್ಜ್ ಹಾಲ್, ಅಟ್ಲಾಂಟಾ ಪಕ್ಕದ ಸ್ಯಾಂಡಿ ಸ್ಪ್ರಿಂಗ್ಸ್‌ನಲ್ಲಿತ್ತು, 1929ರದ್ದು. 2015ರ ಏಪ್ರಿಲ್‌ನಲ್ಲಿ, ಸೀರಿಯಲ್ ಇನ್ನೂ ಓಡುತ್ತಿರುವಾಗಲೇ, ಕೆಡವಿ ಹಾಕಿದರು. ಜನ ಬೇಡ ಅಂತ ಕೂಗಿದರು, ಆಗಲಿಲ್ಲ. ಸುಟ್ಟ ಮನೆ ಇದೆ, ಉಳಿದ ಮನೆ ಇಲ್ಲ.

ಫುಟ್‌ಪಾತ್‌ನಲ್ಲಿ ನಿಂತು ಹುಡುಗಿ ನಗುತ್ತಿದ್ದಳು. "ನಾವೂ ಅವರ ಥರಾನೇ ಅಲ್ವಾ, ಕರೆಯದೆ ಒಳಗೆ ಹೋಗೋ ಹಾಗಿಲ್ಲ." ಕಥೆಯ ದೊಡ್ಡ ನಿಯಮ ಅದು. ಮನೆಯವರು ಬಾಯಿಬಿಟ್ಟು "ಒಳಗೆ ಬಾ" ಅನ್ನದೆ ಪಿಶಾಚಿ ಹೊಸ್ತಿಲು ದಾಟುವಂತಿಲ್ಲ. ಎರಡನೇ ಸೀಸನ್‌ನಲ್ಲಿ ಬಂಗಲೆಯ ಖಾತೆಯನ್ನೇ ಎಲೆನಾ ಹೆಸರಿಗೆ ಮಾಡಿಸುತ್ತಾರೆ. ಆಮೇಲೆ ಅಣ್ಣತಮ್ಮ ತಮ್ಮದೇ ಮನೆ ಬಾಗಿಲಲ್ಲಿ ಪೆಚ್ಚಾಗಿ ನಿಂತು ಅವಳು ಕರೆಯಲಿ ಅಂತ ಕಾಯುತ್ತಾರೆ. ಪಿಶಾಚಿಯೂ ಖಾತೆಗೆ ಹೆದರುತ್ತದೆ ಅಂದಾಗ ದಾವಣಗೆರೆಯಲ್ಲಿ ಚಪ್ಪಾಳೆ ಬಿದ್ದಿತ್ತು.

ನಾನು ಅವಳಿಗೆ ನಮ್ಮ ಅಜ್ಜಿ ಮನೆಯ ಬಾಗಿಲಿನ ಕಥೆ ಹೇಳಿದೆ. ತಿಪಟೂರಿನ ಹತ್ತಿರ ಹಳ್ಳಿ, ತೊಂಬತ್ತರ ದಶಕ. ರಾತ್ರಿ ಒಂದು ದೆವ್ವ ಬಂದು ನಮ್ಮವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗೀತು ಅನ್ನೋ ಸುದ್ದಿ. ಊರಿಗೆ ಊರೇ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯಿತು. ದೆವ್ವ ಓದಿಕೊಂಡು ವಾಪಸ್ ಹೋಗಿ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದಬೇಕು. ನಮ್ಮ ಮನೆ ಬಾಗಿಲಿಗೆ ಬರೆದವಳು ನಿಮ್ಮಮ್ಮ, ಅಕ್ಷರ ದುಂಡಗೆ ಅಂತ ಅಜ್ಜಿ ಅವಳ ಕೈಗೇ ಸೀಮೆಸುಣ್ಣ ಕೊಟ್ಟರು ಅಂದೆ. ಹುಡುಗಿ ನಂಬಲಿಲ್ಲ. "ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಾ?" ಅಂದಳು. ನಿನಗಿಂತ ಚೆನ್ನಾಗಿ ಅಂದೆ.

ವಾಪಸ್ ಕಾರಿನ ಕಡೆ ಬರುವಾಗ ನಾನು ಅವಳಿಗೆ ಗೊತ್ತಿಲ್ಲದ ಒಂದೇ ಒಂದು ವಿಷಯ ಹೇಳಿದೆ. ಈ ಕಥೆ ಮೊದಲು ಬರೆದಿದ್ದು ಎಲ್. ಜೆ. ಸ್ಮಿತ್ ಅನ್ನೋ ಲೇಖಕಿ, 1991ರಲ್ಲಿ. ಆ ಪುಸ್ತಕಗಳಲ್ಲಿ ಎಲೆನಾ ಚಿನ್ನದ ಕೂದಲಿನವಳು, ಊರಿನ ಹೆಸರು ಫೆಲ್ಸ್ ಚರ್ಚ್. ಆದರೆ ಅದು ಒಂದು ಕಂಪನಿ ಹೇಳಿ ಬರೆಸಿದ ಕಥೆ, ಹಕ್ಕೆಲ್ಲ ಕಂಪನಿಯದು. ಸೀರಿಯಲ್ ಎಲ್ಲರ ಬಾಯಲ್ಲಿದ್ದಾಗ, 2011ರಲ್ಲಿ, ಅವರನ್ನೇ ಬಿಡಿಸಿ ಬೇರೆಯವರಿಂದ ಮುಂದಿನ ಪುಸ್ತಕ ಬರೆಸಿದರು. ರಕ್ಷಾಪುಟದಲ್ಲಿ ಹೆಸರು ಮಾತ್ರ ಇವರದ್ದೇ. ಆಮೇಲೆ ಅಮೆಜಾನ್ 'ಕಿಂಡಲ್ ವರ್ಲ್ಡ್ಸ್' ಅಂತ ಒಂದು ಜಾಗ ಮಾಡಿತು, ಅಭಿಮಾನಿಗಳು ಇದೇ ಪಾತ್ರಗಳನ್ನು ಇಟ್ಟುಕೊಂಡು ತಮ್ಮ ಕಥೆ ಬರೆದು ಮಾರಬಹುದು ಅಂತ. ಸ್ಮಿತ್ ಅಲ್ಲಿಗೆ ಹೋದರು. ತಾವೇ ಹುಟ್ಟಿಸಿದ ಪಾತ್ರಗಳ ಬಗ್ಗೆ, ಎಲ್ಲ ಅಭಿಮಾನಿಗಳ ಜೊತೆ ಸಾಲಿನಲ್ಲಿ ನಿಂತು, ಅಭಿಮಾನಿ ಕಥೆ ಬರೆದರು. 2025ರ ಮಾರ್ಚ್‌ನಲ್ಲಿ ತೀರಿಕೊಂಡರು.

ಹುಡುಗಿ ನಡೆಯೋದು ನಿಲ್ಲಿಸಿದಳು. "ಅವರ ಮನೇನೇ ಅಲ್ವಾ ಅದು?"

"ಖಾತೆ ಬೇರೆಯವರ ಹೆಸರಲ್ಲಿತ್ತು."

ದಾರಿಯುದ್ದಕ್ಕೂ ಜಾಸ್ತಿ ಮಾತಾಡಲಿಲ್ಲ. ಹೆದ್ದಾರಿಯಲ್ಲಿ ಟ್ರಾಫಿಕ್ ಬೇರೆ. ಮನೆ ಮುಟ್ಟಿದಾಗ ಎಂಟೂವರೆ. ಅಕ್ಕ ಏಳಕ್ಕೇ ಚಪಾತಿ ಮಾಡಿಟ್ಟು ಕಾದಿದ್ದಾಳೆ, ನಮ್ಮಿಬ್ಬರ ಫೋನೂ ಸ್ವಿಚ್ ಆಫ್. ಬಾಗಿಲು ತೆಗೆದವಳ ಮುಖದಲ್ಲಿ ಅದೆಲ್ಲ ಬರೆದಿತ್ತು. ನಾನು ಚಪ್ಪಲಿ ಬಿಚ್ಚಿ ಸುಮ್ನೆ ನುಸುಳಿ ಒಳಗೆ ಹೋದೆ. ಹುಡುಗಿ ಮಾತ್ರ ಹೊಸ್ತಿಲ ಆಚೆಯೇ ನಿಂತು, ಎರಡೂ ಕೈ ಬಾಗಿಲ ಚೌಕಟ್ಟಿಗೆ ಒತ್ತಿ, ಡೇಮನ್ ಥರ ಒಂದು ಹುಬ್ಬು ಏರಿಸಿ, "ಅಮ್ಮ, ಒಳಗೆ ಬಾ ಅಂತ ಕರಿ. ಕರೆಯದೆ ಬರೋಕಾಗಲ್ಲ" ಅಂದಳು.

ಅಕ್ಕ ಅವಳನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ನಾಳೆ ಬಾ" ಅಂದು ಬಾಗಿಲು ಹಾಕಿದಳು.