ಅತ್ತೆಯ ತುರಿಕೆ, ನನ್ನ ಹೆಂಪ್ ಬೀಜ

ಮೂರು ತಿಂಗಳಿಂದ ನಮ್ಮ ಅಡುಗೆಮನೆಯಲ್ಲಿ ಅಗಸೆ ಬೀಜದ ಪಕ್ಕ ಹೆಂಪ್ ಬೀಜದ ಡಬ್ಬಿಯೂ ಇದೆ. ಮೊದಲ ದಿನವೇ ಅತ್ತೆ ಕೇಳಿದರು, "ಇದು ಭಂಗಿ ಗಿಡದ ಬೀಜ ಅಲ್ವೇನಮ್ಮ? ಅಮಲು ಬರಲ್ವಾ?"

ಗಿಡ ಅದೇ. ಆದರೆ ಅಮಲು ಬರಿಸುವ ಟಿಎಚ್‌ಸಿ ಮುಖ್ಯವಾಗಿ ಹೂವಿನಲ್ಲಿರುತ್ತದೆ, ಬೀಜದೊಳಗೆ ಇಲ್ಲವೆನ್ನುವಷ್ಟು ಕಡಿಮೆ. ಸಿಪ್ಪೆಗೆ ಅಂಟಿಕೊಂಡು ಚೂರು ಬರಬಹುದು. ಅದಕ್ಕೇ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಈ ಬೀಜ, ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿಕೊಂಡಾಗ ಬೀಜದಲ್ಲಿ ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು ಅಂತ ಮಿತಿ ಹಾಕಿತು.

ನಾನು ಇದನ್ನು ತಂದಿದ್ದೇ ಅತ್ತೆಗೋಸ್ಕರ. ಚಳಿಗಾಲ ಬಂತೆಂದರೆ ಅವರ ಮೊಣಕೈ ಒಣಗಿ, ತುರಿಸಿ ತುರಿಸಿ ಕೆಂಪಾಗುತ್ತದೆ. ಫಿನ್ಲೆಂಡಿನಲ್ಲಿ ಇಂಥದ್ದೇ ಎಸ್ಜಿಮಾ ಇರುವವರಿಗೆ 20 ವಾರಗಳ ಒಂದು ಪ್ರಯೋಗ ಮಾಡಿದ್ದರು, ಸ್ವಲ್ಪ ಕಾಲ ಹೆಂಪ್ ಎಣ್ಣೆ, ಸ್ವಲ್ಪ ಕಾಲ ಆಲಿವ್ ಎಣ್ಣೆ ಕುಡಿಸಿ ನೋಡಿ 2005ರಲ್ಲಿ ಪ್ರಕಟಿಸಿದರು. ಹೆಂಪ್ ಎಣ್ಣೆ ಕುಡಿದಾಗ ಚರ್ಮದ ಒಣಗುವಿಕೆ, ತುರಿಕೆ ಕಡಿಮೆಯಾಯಿತು. ಓದಿ ಖುಷಿಯಾಯಿತು. ಆದರೆ ಅದು ತುಂಬಾ ಚಿಕ್ಕ ಅಧ್ಯಯನ, ಮತ್ತೆ ಅವರು ಕೊಟ್ಟಿದ್ದು ಎಣ್ಣೆ, ನಾವು ಅನ್ನದ ಮೇಲೆ ಉದುರಿಸಿಕೊಳ್ಳುವ ಒಂದು ಚಮಚ ಪುಡಿಯಲ್ಲ.

ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತಲೂ ಹೇಳುತ್ತಾರಲ್ಲ, ಅದನ್ನು ಕೆನಡಾದಲ್ಲಿ 86 ಜನರ ಮೇಲೆ ನೋಡಿದ್ದಾರೆ. ಅವರಲ್ಲಿ ಒಂದು ಗುಂಪಿಗೆ ದಿನಕ್ಕೆ 2 ಗ್ರಾಂ ಹೆಂಪ್ ಎಣ್ಣೆಯ ಕ್ಯಾಪ್ಸೂಲ್, 12 ವಾರ. ಏನೂ ಬದಲಾಗಲಿಲ್ಲ. ಪ್ರಮಾಣ ಕಡಿಮೆಯಿತ್ತು ನಿಜ, ಆದರೂ ಅಂಗಡಿಯವರು ಹೇಳುವಷ್ಟು ಧೈರ್ಯದಿಂದ ನಾನು ಹೇಳಲಾರೆ.

ಊಟವಾಗಿ ನೋಡಿದರೆ ಮಾತ್ರ ಇದು ನಿಜವಾಗಿ ಒಳ್ಳೆಯ ಬೀಜ. ಸಿಪ್ಪೆ ತೆಗೆದ 100 ಗ್ರಾಂನಲ್ಲಿ ಸುಮಾರು 31 ಗ್ರಾಂ ಪ್ರೋಟೀನ್, ಅಂದರೆ ಕಡಲೆಕಾಯಿಗಿಂತ ಜಾಸ್ತಿ. ಮೆಗ್ನೀಷಿಯಂ 700 ಮಿಲಿಗ್ರಾಂ. ಕೊರತೆ ಇರುವುದು ಪ್ರೋಟೀನಿನ ಒಂದು ಅಂಶವಾದ ಲೈಸಿನ್‌ನಲ್ಲಿ. ಅದು ಬೇಳೆಯಲ್ಲಿ ಧಾರಾಳವಾಗಿದೆ, ಹಾಗಾಗಿ ಸಾರನ್ನ ತಿನ್ನುವ ನಮಗೆ ಚಿಂತೆಯಿಲ್ಲ. ಒಮೇಗಾ-3ಗೋಸ್ಕರ ಮಾತ್ರ ಕೊಳ್ಳುವವರಿಗೆ ನನ್ನ ಸಲಹೆ ಅಗಸೆಯೇ, ಅದರಲ್ಲಿ ಎರಡು ಪಟ್ಟಿಗೂ ಮೀರಿ ಇದೆ, ಬೆಲೆಯೂ ಕಡಿಮೆ.

ಉತ್ತರಾಖಂಡದ ಕುಮಾವೂ ಕಡೆ ಇದನ್ನು ಹುರಿದು, ಜೀರಿಗೆ, ಹಸಿಮೆಣಸಿನಕಾಯಿ, ನಿಂಬೆರಸ ಸೇರಿಸಿ ಚಟ್ನಿ ರುಬ್ಬುತ್ತಾರೆ. ನಾನು ನಮ್ಮ ಹುಚ್ಚೆಳ್ಳು ಪುಡಿಯ ಥರ ಮಾಡಿದೆ. ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿದರೆ ಚಟಪಟ ಸಿಡಿಯುತ್ತದೆ, ಎಳ್ಳು ಹುರಿದ ಹಾಗೇ ಘಮ. ಮೊದಲ ಸಲ ಸಿಪ್ಪೆ ಸಮೇತ ಪುಡಿ ಮಾಡಿದ್ದಕ್ಕೆ ಹಲ್ಲಿಗೆ ಸಿಕ್ಕಿ ಕರಕರ ಅಂತಿತ್ತು. ಈಗ ಸಿಪ್ಪೆ ತೆಗೆದದ್ದನ್ನೇ ತರುತ್ತೇನೆ, ಒಣಮೆಣಸು, ಬೆಳ್ಳುಳ್ಳಿ, ಚೂರು ಹುಣಸೆಹಣ್ಣು ಹಾಕಿ ತರಿತರಿಯಾಗಿ ತಿರುವುತ್ತೇನೆ.

ಅತ್ತೆಯ ಮುಲಾಮು ಡಾಕ್ಟರ್ ಹೇಳಿದಂತೆ ಹಾಗೇ ನಡೆಯುತ್ತಿದೆ. ಬಿಸಿ ರೊಟ್ಟಿಗೆ ಈ ಪುಡಿ, ಮೇಲೊಂದಿಷ್ಟು ಮೊಸರು ಹಾಕಿಕೊಂಡು ತಿನ್ನುತ್ತಾರೆ. ಮೊನ್ನೆ ಡಬ್ಬಿ ತಳ ಕಂಡಾಗ ಅವರೇ ನೆನಪಿಸಿದರು.