ಗಾಜಿನ ಹೊಟ್ಟೆ

ಮಾತ್ರೆ ನುಂಗಿ ನೀರು ಕುಡಿದರೆ ನಮ್ಮ ಕೆಲಸ ಮುಗಿಯಿತು. ಮಾತ್ರೆಯ ಪಾಡು ಶುರುವಾಗುವುದೇ ಆಮೇಲೆ. ಅದು ಹೊಟ್ಟೆಯಲ್ಲಿ ಎಷ್ಟು ಬೇಗ ಕರಗುತ್ತದೆ, ರಕ್ತಕ್ಕೆ ಎಷ್ಟು ಸೇರಬಹುದು ಅಂತ ಮೊದಲೇ ಅಂದಾಜು ಮಾಡಲು ಲ್ಯಾಬಿನಲ್ಲಿ ಒಂದು ನಕಲಿ ಹೊಟ್ಟೆಯನ್ನೇ ಸಿದ್ಧಮಾಡುತ್ತಾರೆ. 37 ಡಿಗ್ರಿ ಬಿಸಿಯ ಗಾಜಿನ ಪಾತ್ರೆ, ಒಳಗೆ ಜಠರದಷ್ಟೇ ಹುಳಿಯಾದ ದ್ರಾವಣ, ನಿಮಿಷಕ್ಕೆ 50 ಸುತ್ತು ತಿರುಗುವ ಪ್ಯಾಡಲ್. ನಡುನಡುವೆ ಸ್ವಲ್ಪ ದ್ರಾವಣ ತೆಗೆದು, ಔಷಧ ಎಷ್ಟು ಕರಗಿದೆ ಅಂತ ಅಳೆಯುತ್ತಾರೆ.

ಆದರೆ ಕರುಳು ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕೆಲವು ಔಷಧಗಳಿಗೆ ನೀರೆಂದರೆ ಆಗದು. ಅಂಥವಕ್ಕೆ ಪಿತ್ತರಸದ ಲವಣ, ಲೆಸಿಥಿನ್ ಎಂಬ ಜಿಡ್ಡಿನ ಪದಾರ್ಥ ಬೆರೆಸಿ ಕರುಳಿನ ರಸದಂಥದ್ದನ್ನೇ ತಯಾರಿಸಬೇಕು. ಅದರಲ್ಲೂ ಖಾಲಿ ಹೊಟ್ಟೆಯ ರಸ ಬೇರೆ, ಉಂಡ ಹೊಟ್ಟೆಯ ರಸ ಬೇರೆ! ಫಂಗಸ್ ಸೋಂಕಿಗೆ ಕೊಡುವ ಗ್ರಿಸಿಯೋಫುಲ್ವಿನ್ ಎಂಬ ಔಷಧ ಜಿಡ್ಡಿನ ಊಟದ ಜೊತೆ ಹೋದರೆ ಜಾಸ್ತಿ ಹೀರಿಕೆಯಾಗುತ್ತದೆ. ಫಂಗಸ್‌ಗೇ ಕೊಡುವ ಇನ್ನೊಂದು ಔಷಧ ಕೀಟೊಕೊನಜೋಲ್ ಕರಗಲು ಜಠರದ ಹುಳಿಯೇ ಬೇಕು. ಆಸಿಡಿಟಿ ಮಾತ್ರೆಯನ್ನೂ ಜೊತೆಗೆ ನುಂಗಿದರೆ ಕೆಲಸ ಕೆಟ್ಟಿತು.

ಗಾಜಿನ ಹೊಟ್ಟೆಗೆ ನಿದ್ದೆಗೆಡುವುದು ಗೊತ್ತಿಲ್ಲ, ಗಾಬರಿಯೂ ಇಲ್ಲ. ನಮ್ಮದು ಹಾಗಲ್ವಲ್ಲ! ಅದಕ್ಕೇ ಇರಬೇಕು, ಹೊಸ ಔಷಧವನ್ನು ಕೊನೆಗೆ ಮನುಷ್ಯರಿಗೇ ಕೊಟ್ಟು, ರಕ್ತ ತೆಗೆದು ನೋಡುತ್ತಾರೆ.